ಸ್ಪೋರ್ಟ್ಸ್ ಕಾರಿನ ರೇಸ್ ರೂಪಾಂತರ

ಸಾರ್ವಜನಿಕ ರಸ್ತೆಗಳಲ್ಲಿ ಓಡಾಡಲೆಂದು ನಿರ್ಮಿತವಾಗಿ ಕಾಲಕ್ರಮದಲ್ಲಿ ಹಳತಾದ ಸ್ಪೋರ್ಟ್ಸ್ ಕಾರೊಂದನ್ನು ಸಂಪೂರ್ಣವಾಗಿ ಬಿಚ್ಚಿ, ಅದರ ಒಡಲು, ಸಸ್ಪೆನ್ಷನ್, ಬ್ರೇಕು, ಎಂಜಿನ್ ಮೊದಲಾದ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸಿ ತಿದ್ದಿ, ಪಂದ್ಯಪಥದಲ್ಲಿ ಸ್ಪರ್ಧಿಸಲು ಯೋಗ್ಯವಾಗುವಂತೆ ಮರಳಿ ಜೋಡಿಸುವ ಕಾರ್ಯ. ಹೆಚ್ಚು ಶಕ್ತಿಯುಳ್ಳ ಎಂಜಿನ್ನೊಂದನ್ನು ಹಳೆಯ ಒಡಲಿನಲ್ಲಿ ಕೂರಿಸಿದರೆ ರೇಸ್ ಕಾರು ಸಿದ್ಧವಾಯಿತೆಂಬ ಭಾವನೆ ಜನರಲ್ಲಿ ವ್ಯಾಪಕವಾಗಿದ್ದರೂ, ಈ ವಿದ್ಯೆಯಲ್ಲಿ ನುರಿತವರು ಅನುಸರಿಸುತ್ತ ಬಂದಿರುವ ಕ್ರಮ ಅದಕ್ಕೆ ತೀರ ವಿಪರೀತವಾದುದು: ಮೊದಲು ಒಡಲಿನ ಬಿಗಿತ, ಅನಂತರ ತೂಕ, ಬಳಿಕ ಸಸ್ಪೆನ್ಷನ್ ಮತ್ತು ಬ್ರೇಕು, ಇವೆಲ್ಲವೂ ತೃಪ್ತಿಕರವಾದ ಮೇಲೆ ಎಂಜಿನ್. ಒಂದು ಅಂಗದಲ್ಲಿ ಮಾಡಿದ ಸುಧಾರಣೆ ಅದರ ನೆರೆಯ ಅಂಗದ ಮೇಲೆ ಹೊಸ ಭಾರವನ್ನು ಹೊರಿಸುತ್ತದೆ. ಆ ಭಾರ ಎಲ್ಲಿಗೆ ಹೋಗಿ ತಂಗುವುದೆಂಬುದನ್ನು ಮುಂಗಂಡು ಕೆಲಸ ಮಾಡುವುದೇ ಈ ಕಲೆಯ ಸಾರ. ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ.ಬಿ. ಕಾರು ಈ ಬಗೆಯ ರೂಪಾಂತರಕ್ಕೆ ದೀರ್ಘಕಾಲದಿಂದ ಒಳಗಾಗುತ್ತ ಬಂದಿರುವುದರಿಂದ ಅದನ್ನೇ ಇಲ್ಲಿ ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ.

ಇತಿಹಾಸ

ಇಂಗ್ಲೆಂಡಿನ ಸರ್ರಿ ಪ್ರಾಂತದ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಮೋಟಾರು ಪಂದ್ಯಗಳಿಗೆಂದೇ ಕಟ್ಟಿದ ಪಥವೊಂದು 1907ರಲ್ಲಿ ಆರಂಭವಾಯಿತು. ರಸ್ತೆಯ ಕಾರಿಗೂ ಪಂದ್ಯದ ಕಾರಿಗೂ ಆಗಿನ್ನೂ ಅಷ್ಟಾಗಿ ಅಂತರವಿರಲಿಲ್ಲ. ಮನೆಯಿಂದ ಓಡಿಸಿಕೊಂಡು ಬಂದ ಕಾರಿನ ದೀಪಗಳನ್ನೂ ಮಡ್‌ಗಾರ್ಡುಗಳನ್ನೂ ಕಳಚಿಟ್ಟು ಪಂದ್ಯಕ್ಕಿಳಿಯುವ ರೂಢಿ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿಯೂ ಉಳಿದಿತ್ತು. ಅಲ್ಪ ಧನವುಳ್ಳವರಿಗೂ ಈ ಕ್ರೀಡೆಯನ್ನು ಎಟುಕಿಸಿದುದು 1922ರಲ್ಲಿ ಹೊರಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು. ಅದರ ಎಂಜಿನ್ ಕೇವಲ 747 ಘನ ಸೆಂ.ಮೀ. ಗಾತ್ರದ್ದು. ಹಳತಾಗಿ ಅಗ್ಗವಾದ ಈ ಕಾರುಗಳನ್ನು ಆಧಾರವಾಗಿಟ್ಟುಕೊಂಡು ಪಂದ್ಯದ ಕಾರುಗಳನ್ನು ಕಟ್ಟುವವರ ಕೂಟವಾಗಿ 750 ಮೋಟಾರ್ ಕ್ಲಬ್ 1939ರಲ್ಲಿ ಸ್ಥಾಪಿತವಾಯಿತು. ಮುಂದೆ ಲೋಟಸ್ ಸಂಸ್ಥೆಯನ್ನು ಕಟ್ಟಿದ ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರನ್ನು ರಚಿಸಿದುದು ಹಳೆಯ ಆಸ್ಟಿನ್ ಸೆವೆನ್ನಿನ ಮೇಲೆಯೇ. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಸ್ಪರ್ಧಾಜೀವನವನ್ನು ಆರಂಭಿಸಿದುದೂ ಅದೇ ಜಾತಿಯ ಕಾರಿನಿಂದ. ಜಗತ್ತಿನ ಅತ್ಯುನ್ನತ ಪಂದ್ಯಗಳಲ್ಲಿ ಇಂದಿಗೂ ಕೇಳಿಬರುವ ಹೆಸರುಗಳ ಮೂಲ ಇಂಥ ಶೆಡ್ಡುಗಳಲ್ಲಿ, ಹಳೆಯ ಕಾರನ್ನು ಬಿಚ್ಚಿ ಜೋಡಿಸಿದ ಕೈಗಳಲ್ಲಿ ಇದೆಯೆಂಬುದು ಗಮನಾರ್ಹ. ಅಮೆರಿಕದಲ್ಲಿ 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಸಂಸ್ಥೆಯು ಉತ್ಪಾದಿತ ಕಾರುಗಳಿಗಾಗಿ ಪ್ರತ್ಯೇಕ ವರ್ಗಗಳನ್ನು ಏರ್ಪಡಿಸಿ, ಹವ್ಯಾಸಿಗಳ ಈ ಪರಂಪರೆಯನ್ನು ಆ ದೇಶದಲ್ಲಿಯೂ ನೆಲೆಗೊಳಿಸಿತು.

ಎಂ.ಜಿ.ಬಿ.

ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಮಾರಾಟಸಂಸ್ಥೆಯಲ್ಲಿ ಸೆಸಿಲ್ ಕಿಂಬರ್ ಎಂಬಾತನ ಆಸಕ್ತಿಯಿಂದ ಹುಟ್ಟಿ, 1929ರಿಂದ ಆಬಿಂಗ್ಡನ್ ಪಟ್ಟಣದಲ್ಲಿ ಕಾರ್ಖಾನೆ ಹೂಡಿದ ಎಂ.ಜಿ. ಸಂಸ್ಥೆ 1962ರಲ್ಲಿ ಈ ಕಾರನ್ನು ಹೊರತಂದಿತು. ಅದಕ್ಕೆ ಹಿಂದಿನ ಎಂ.ಜಿ.ಎ. ಕಾರಿಗೆ ಇದ್ದ ಪ್ರತ್ಯೇಕ ಚಾಸಿ ಇದಕ್ಕೆ ಇಲ್ಲ. ಉಕ್ಕಿನ ತಗಡುಗಳನ್ನು ಮಡಿಸಿ ಬೆಸೆದ ಒಡಲೇ ಎಲ್ಲ ಭಾರವನ್ನೂ ಹೊರುತ್ತದೆ. ಎಂಜಿನ್ 1798 ಘನ ಸೆಂ.ಮೀ. ಗಾತ್ರದ, ನಾಲ್ಕು ಸಿಲಿಂಡರುಗಳ, ಎರಕದ ಕಬ್ಬಿಣದ ರಚನೆ; ಅದರ ಶಕ್ತಿ 95 ಅಶ್ವಶಕ್ತಿ, ಕಾರಿನ ತೂಕ ಸುಮಾರು 920 ಕಿ.ಗ್ರಾಂ. ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್, ಹಿಂಭಾಗದಲ್ಲಿ ಅಖಂಡ ಆಕ್ಸಲನ್ನು ಹೊತ್ತ ಪಟ್ಟೆಗಳ ಕಮಾನು. ಮುಚ್ಚಿದ ಮಾಡಿನ ಜಿ.ಟಿ. ರೂಪ 1965ರಲ್ಲಿ ಬಂದಿತು. 1980ರಲ್ಲಿ ಆಬಿಂಗ್ಡನ್ ಕಾರ್ಖಾನೆ ಮುಚ್ಚುವವರೆಗೆ ಐದು ಲಕ್ಷಕ್ಕೂ ಮಿಕ್ಕಿ ಎಂ.ಜಿ.ಬಿ.ಗಳು ತಯಾರಾದುವು. ಈ ಸಂಖ್ಯಾಬಾಹುಳ್ಯದಿಂದಾಗಿ ಹಳೆಯ ಕಾರುಗಳೂ ಬಿಡಿಭಾಗಗಳೂ ಸುಲಭವಾಗಿ ದೊರೆಯುವುದೇ ರೂಪಾಂತರಕಾರರು ಇದನ್ನು ಆರಿಸಿಕೊಳ್ಳಲು ಮೊದಲ ಕಾರಣ.

ಎರಡನೆಯ ಕಾರಣ, ಕಾರ್ಖಾನೆಯವರೇ ತೋರಿಸಿಕೊಟ್ಟ ಮಾರ್ಗ. ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯಕ್ಕೆ 1963ರಲ್ಲಿ ಅವರು ಕಳುಹಿಸಿದ ಎಂ.ಜಿ.ಬಿ. ಗಾಳಿಯನ್ನು ಸೀಳುವಂತೆ ಮೂತಿಯನ್ನು ಇಳಿಜಾರಾಗಿ ನೀಳಗೊಳಿಸಿದ ಕಾರಾಗಿತ್ತು. ಪ್ಯಾಡಿ ಹಾಪ್‌ಕರ್ಕ್ ಮತ್ತು ಅಲನ್ ಹಚಿಸನ್ ಓಡಿಸಿದ ಈ ಕಾರು ಪಂದ್ಯದ ಆರಂಭದಲ್ಲೇ ಪಥದಂಚಿನ ಮರಳಿನಲ್ಲಿ ಹೂತುಹೋಗಿ, ಅದನ್ನು ತೋಡಿ ತೆಗೆಯಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿದರೂ, ಹನ್ನೆರಡನೆಯ ಸ್ಥಾನವನ್ನೂ ತನ್ನ ವರ್ಗದ ಜಯವನ್ನೂ ಗಳಿಸಿತು. 1965ರಲ್ಲಿ ಅದೇ ಪಂದ್ಯದಲ್ಲಿ ಹಾಪ್‌ಕರ್ಕ್ ಮತ್ತು ಆಂಡ್ರೂ ಹೆಜಸ್ ಹನ್ನೊಂದನೆಯವರಾದರು. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಥದಲ್ಲಿ 1966ರಲ್ಲಿ ನಡೆದ 84 ಗಂಟೆಗಳ ಮ್ಯಾರಥಾನ್ ದ ಲಾ ರೂಟ್ ಸ್ಪರ್ಧೆಯಲ್ಲಿ ಹೆಜಸ್ ಮತ್ತು ಜೂಲಿಯನ್ ವೆರ್ನಾವ್ ಓಡಿಸಿದ ಎಂ.ಜಿ.ಬಿ. ಎಲ್ಲ ಕಾರುಗಳನ್ನೂ ಮೀರಿ ಪ್ರಥಮ ಸ್ಥಾನ ಪಡೆಯಿತು. ಈ ಗೆಲುವುಗಳಲ್ಲಿ ಅತಿವೇಗಕ್ಕಿಂತ ಬಾಳಿಕೆಯ ಪಾಲೇ ಹಿರಿದೆಂಬುದನ್ನು ಗಮನಿಸಬೇಕು.

ಒಡಲು ಮತ್ತು ಪಂಜರ

ಹಳೆಯ ಎಂ.ಜಿ.ಬಿ.ಯ ಪ್ರಧಾನ ಶತ್ರು ತುಕ್ಕು. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಚಾಚಿಕೊಂಡಿರುವ ಹೊಸ್ತಿಲು ಹೊರಗಿನಿಂದ ಒಂದೇ ತಗಡಿನಂತೆ ಕಂಡರೂ, ಅದರೊಳಗೆ ಬೇರೊಂದು ಪೊರೆಯೂ ಅದರ ಅಡಿಯಲ್ಲಿ ಮಡಿಸಿದ ಇನ್ನೊಂದು ತೊಲೆಯೂ ಅಡಗಿವೆ. ಮಾಡಿಲ್ಲದ ಕಾರಿನಲ್ಲಿ ಒಡಲು ಬಾಗದಂತೆ, ತಿರುಚಿಕೊಳ್ಳದಂತೆ ತಡೆಯುವ ಹೊಣೆಯ ಬಹುಭಾಗ ಈ ಅಂಗದ್ದೇ. ಒಳಪೊರೆ ತುಕ್ಕಿಗೆ ತುತ್ತಾದ ಮೇಲೆ ಹೊರತಗಡನ್ನು ಮಾತ್ರ ಬದಲಿಸಿ ಬಣ್ಣ ಬಳಿದ ಕಾರು ನೋಟಕ್ಕೆ ಎಷ್ಟೇ ಸೊಗಸಾಗಿದ್ದರೂ ತಿರುವಿನಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯಂತೆ ಸಡಿಲವಾಗಿ ವರ್ತಿಸುತ್ತದೆ. ಅಂಥ ಒಡಲಿಗೆ ಎಷ್ಟು ಉತ್ತಮವಾದ ಸ್ಪ್ರಿಂಗನ್ನು ಜೋಡಿಸಿದರೂ ಬಾಗುವುದು ಸ್ಪ್ರಿಂಗಲ್ಲ, ಒಡಲು. ಜ್ಯಾಕಿನ ಮೇಲೆ ಕಾರನ್ನೆತ್ತಿ ಬಾಗಿಲನ್ನು ತೆರೆದು ಮುಚ್ಚಿ ನೋಡುವುದು ಅನುಭವಿಗಳ ಮೊದಲ ಪರೀಕ್ಷೆ. ನೆಲದ ಮೇಲಿದ್ದಾಗ ಸರಾಗವಾಗಿ ಕೂಡುತ್ತಿದ್ದ ಬಾಗಿಲಿನ ಅಂಚು ಎತ್ತಿದಾಗ ಉಜ್ಜತೊಡಗಿದರೆ ಹೊಸ್ತಿಲಿನ ಬಲ ಕುಂದಿದೆಯೆಂದು ತಿಳಿಯಬೇಕು. ಆಮೂಲಾಗ್ರವಾಗಿ ತುಕ್ಕು ಹಿಡಿದ ಕಾರಿಗೆ ಹೊಸ ಒಡಲನ್ನೇ ಕೊಳ್ಳುವ ಮಾರ್ಗವೂ ಉಂಟು: ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನೇ ಉಪಯೋಗಿಸಿ 1988ರಿಂದ ಎಂ.ಜಿ.ಬಿ. ಒಡಲುಗಳನ್ನು ಮತ್ತೆ ತಯಾರಿಸತೊಡಗಿತು.

ಒಡಲು ಸ್ವಸ್ಥವಾದ ಮೇಲೆ ಅದರೊಳಗೆ ಉಕ್ಕಿನ ಕೊಳವೆಗಳ ರಕ್ಷಾಪಂಜರವನ್ನು ಬೆಸೆಯಲಾಗುತ್ತದೆ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್.ಐ.ಎ.ಯ ನಿಯಮದಂತೆ ಈ ಕೊಳವೆ ಜೋಡಣೆಯಿಲ್ಲದೆ ತಣ್ಣಗೆ ಎಳೆದ ಇಂಗಾಲದ ಉಕ್ಕಿನದಾಗಿರಬೇಕು. ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಇಲ್ಲವೆ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ ಇರತಕ್ಕದ್ದು. ಕಾರು ಮಗುಚಿದಾಗ ಚಾಲಕನ ತಲೆಯನ್ನು ಕಾಪಾಡುವುದು ಪಂಜರದ ಪ್ರಥಮ ಧರ್ಮ. ಹೊಸ್ತಿಲುಗಳನ್ನೂ ಸಸ್ಪೆನ್ಷನ್ನಿನ ಆಧಾರಸ್ಥಾನಗಳನ್ನೂ ಒಂದಕ್ಕೊಂದು ಕಟ್ಟಿ ಇಡೀ ಒಡಲನ್ನು ಬಿಗಿಗೊಳಿಸುವುದು ಅದರ ಎರಡನೆಯ ಪ್ರಯೋಜನ.

ತೂಕ

ಪಂದ್ಯಕ್ಕೆ ಬೇಡವಾದ ಹೀಟರ್, ನೆಲಹಾಸು, ಮಡಿಸುವ ಮಾಡು, ಬಂಪರು, ಶಬ್ದವನ್ನು ತಡೆಯುವ ಡಾಮರಿನ ಹಾಳೆ ಇವೆಲ್ಲವನ್ನೂ ತೆಗೆದುಹಾಕಲಾಗುತ್ತದೆ. ಆರಂಭದ ವರ್ಷಗಳ ಎಂ.ಜಿ.ಬಿ.ಗಳಲ್ಲಿ ಬಾನೆಟ್ ಅಲ್ಯುಮಿನಿಯಂನಿಂದಲೇ ಆಗಿದ್ದಿತು. ಅನಂತರದ ಉಕ್ಕಿನ ಬಾನೆಟ್ಟಿಗೆ ಬದಲಾಗಿ ಅದನ್ನು ಹುಡುಕಿ ಜೋಡಿಸುವವರಿದ್ದಾರೆ. ಸೀಟುಗಳ ಹಿಂದೆ ಇಡುತ್ತಿದ್ದ ಎರಡು 6 ವೋಲ್ಟ್ ಬ್ಯಾಟರಿಗಳ ಸ್ಥಾನದಲ್ಲಿ ಹಗುರವಾದ ಒಂದು 12 ವೋಲ್ಟ್ ಬ್ಯಾಟರಿ ಸಾಲುತ್ತದೆ.

ಈ ಕಾರ್ಯದ ಮಹತ್ತ್ವವನ್ನು ಸಾಮಾನ್ಯ ಗಣಿತದಿಂದಲೇ ಅರಿಯಬಹುದು. 920 ಕಿ.ಗ್ರಾಂ. ಕಾರಿಗೆ 95 ಅಶ್ವಶಕ್ತಿಯೆಂದರೆ ಟನ್ನಿಗೆ ಸುಮಾರು 103 ಅಶ್ವಶಕ್ತಿ. ಎಂಜಿನ್ನನ್ನು ಮುಟ್ಟದೆ 100 ಕಿ.ಗ್ರಾಂ. ಇಳಿಸಿದರೆ ಈ ಪ್ರಮಾಣ ಸುಮಾರು 116ಕ್ಕೆ ಏರುತ್ತದೆ. ತೂಕವನ್ನು ಇಳಿಸದೆ ಇದೇ ಫಲವನ್ನು ಪಡೆಯಬೇಕಾದರೆ ಎಂಜಿನ್ನಿಗೆ 12 ಅಶ್ವಶಕ್ತಿಯನ್ನು ಸೇರಿಸಬೇಕಾಗುತ್ತದೆ. ಆದರೆ ಸೇರಿಸಿದ ಅಶ್ವಶಕ್ತಿ ವೇಗ ಹೆಚ್ಚಿಸುವಾಗ ಮಾತ್ರ ಉಪಕಾರಿ. ಇಳಿಸಿದ ತೂಕವಾದರೋ ವೇಗ ಹೆಚ್ಚಿಸುವಾಗಲೂ, ಬ್ರೇಕು ಒತ್ತುವಾಗಲೂ, ತಿರುವಿನಲ್ಲಿಯೂ ಸಮಾನವಾಗಿ ನೆರವಾಗಿ, ಟೈರಿನ ಸವೆತವನ್ನೂ ತಗ್ಗಿಸುತ್ತದೆ.

ಸಸ್ಪೆನ್ಷನ್

ತಿರುವಿನಲ್ಲಿ ಓಡುವ ಕಾರಿನ ಭಾರ ಒಳಮಗ್ಗುಲಿನ ಚಕ್ರಗಳಿಂದ ಹೊರಮಗ್ಗುಲಿನ ಚಕ್ರಗಳಿಗೆ ವರ್ಗವಾಗುತ್ತದೆ. ಚಾಲಕನೂ ಸೇರಿ 900 ಕಿ.ಗ್ರಾಂ. ತೂಗುವ ಕಾರಿನ ಗುರುತ್ವಕೇಂದ್ರ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿಯೂ, ಎಡಬಲ ಚಕ್ರಗಳ ಅಂತರ 125 ಸೆಂ.ಮೀ.ನಷ್ಟೂ ಇದೆಯೆಂದಿಟ್ಟುಕೊಂಡರೆ, ಅದರ ತೂಕದಷ್ಟೇ ಪಾರ್ಶ್ವಬಲ ಉಂಟಾಗುವ ತಿರುವಿನಲ್ಲಿ 360 ಕಿ.ಗ್ರಾಂ. ಭಾರ ಹೊರಗಡೆಗೆ ಸರಿದು, ಒಳಮಗ್ಗುಲಿನ ಎರಡು ಚಕ್ರಗಳಲ್ಲಿ ಉಳಿಯುವುದು ಕೇವಲ 90 ಕಿ.ಗ್ರಾಂ. ಗುರುತ್ವಕೇಂದ್ರವನ್ನು 5 ಸೆಂ.ಮೀ. ತಗ್ಗಿಸಿದರೆ ಸರಿಯುವ ಭಾರ 324 ಕಿ.ಗ್ರಾಂ.ಗೆ ಇಳಿಯುತ್ತದೆ. ಭಾರ ಒಂದೇ ಕಡೆ ಕೂಡಿದಷ್ಟೂ ನಾಲ್ಕು ಟೈರುಗಳ ಒಟ್ಟು ಹಿಡಿತ ಕುಗ್ಗುವುದರಿಂದ, ಪಂದ್ಯದ ಕಾರನ್ನು ನೆಲಕ್ಕೆ ಸಮೀಪವಾಗಿ ಕೂರಿಸುತ್ತಾರೆ. 1974ರ ಕೊನೆಯಲ್ಲಿ ಅಮೆರಿಕದ ನಿಯಮಗಳಿಗೆ ಅನುಸಾರವಾಗಿ ರಬ್ಬರಿನ ಬಂಪರನ್ನು ತೊಡಿಸಿ ಸುಮಾರು 38 ಮಿ.ಮೀ. ಎತ್ತರಿಸಿದ ಎಂ.ಜಿ.ಬಿ.ಗಳನ್ನು ರೇಸಿಗೆ ಆರಿಸಿಕೊಂಡವನು ಮೊತ್ತಮೊದಲು ಆ ಎತ್ತರವನ್ನೇ ಕಳೆಯಬೇಕಾಗುತ್ತದೆ.

ಮುಂದಿನ ಸಸ್ಪೆನ್ಷನ್ನಿನಲ್ಲಿ ಒಂದು ವೈಶಿಷ್ಟ್ಯವಿದೆ. ಸ್ಪ್ರಿಂಗಿನ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರಿನ ತೋಳೇ ಇಲ್ಲಿ ಚಕ್ರವನ್ನು ಹಿಡಿದ ಮೇಲ್ಗವೆಯೂ ಆಗಿದೆ. ಆದುದರಿಂದ ಅದರ ಬೇರಿಂಗ್ ಸವೆದರೆ ತಡೆಯ ಶಕ್ತಿಯ ಜೊತೆಗೆ ಚಕ್ರದ ನಿಲುವೂ ಕೆಡುತ್ತದೆ. ಕೆಲವರು ಇದನ್ನೇ ನವೀಕರಿಸಿ ಗಟ್ಟಿಯಾದ ವಾಲ್ವುಗಳನ್ನು ಹಾಕುತ್ತಾರೆ. ಕೆಲವರು ಪ್ರತ್ಯೇಕ ಕವೆಯನ್ನೂ ಕೊಳವೆಯಾಕಾರದ ಶಾಕ್ ಅಬ್ಸಾರ್ಬರನ್ನೂ ಜೋಡಿಸುತ್ತಾರೆ. ರಬ್ಬರಿನ ಬುಷ್‌ಗಳಿಗೆ ಬದಲು ಗಡುಸಾದವನ್ನು ಹಾಕಿ, ಚಕ್ರದ ನೆತ್ತಿ ಒಳಕ್ಕೆ ವಾಲುವಂತೆ ಹೊಂದಿಸಿದರೆ, ತಿರುವಿನಲ್ಲಿ ಒಡಲು ಹೊರಕ್ಕೆ ವಾಲಿದಾಗ ಹೊರಚಕ್ರದ ಟೈರು ನೆಲದ ಮೇಲೆ ಸಮನಾಗಿ ಕೂರುತ್ತದೆ. ಹಿಂಭಾಗದಲ್ಲಿ ಪಟ್ಟೆಕಮಾನು ಭಾರವನ್ನು ಹೊರುವುದೊಂದೇ ಅಲ್ಲದೆ ಆಕ್ಸಲನ್ನು ಸ್ಥಾನದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡಬೇಕಾಗಿರುವುದರಿಂದ, ಶಕ್ತಿ ಹೆಚ್ಚಿದಾಗ ಅದು ತಿರುಚಿಕೊಂಡು ಚಕ್ರಗಳು ನೆಲದ ಮೇಲೆ ಕುಪ್ಪಳಿಸತೊಡಗುತ್ತವೆ. ಆಕ್ಸಲಿನ ಮುಂದುಹಿಂದಿನ ಚಲನೆಗೆ ಉದ್ದುದ್ದನೆಯ ಸರಳುಗಳನ್ನೂ ಅಡ್ಡಚಲನೆಗೆ ಪ್ಯಾನ್‌ಹಾರ್ಡ್ ಸರಳನ್ನೂ ಕಟ್ಟುವುದು ಇದಕ್ಕೆ ಪರಿಹಾರ. ಹಗುರವಾದ ಒಳಚಕ್ರ ಗಾಳಿಯಲ್ಲಿ ತಿರುಗಿ ಶಕ್ತಿಯೆಲ್ಲ ವ್ಯರ್ಥವಾಗದಂತೆ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲನ್ನು ಅಳವಡಿಸುತ್ತಾರೆ.

ಬ್ರೇಕು

ಎಂ.ಜಿ.ಬಿ.ಯ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಬ್ರೇಕುಗಳಿವೆ. ಬ್ರೇಕಿನ ಕೆಲಸವೆಂದರೆ ಚಲನೆಯ ಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸಿ ಗಾಳಿಗೆ ಬಿಡುವುದು. 900 ಕಿ.ಗ್ರಾಂ. ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80 ಕಿ.ಮೀ.ಗೆ ಇಳಿಯುವ ಕೆಲವೇ ಕ್ಷಣಗಳಲ್ಲಿ ಸುಮಾರು 6.7 ಲಕ್ಷ ಜೌಲ್ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಇದರ ಬಹುಭಾಗವನ್ನು ಹೀರುವ ಡಿಸ್ಕುಗಳು ತಣಿಯುವಷ್ಟರಲ್ಲಿ ಮುಂದಿನ ತಿರುವು ಎದುರಾಗಿರುತ್ತದೆ. ರಸ್ತೆಯ ಪ್ಯಾಡುಗಳು ಈ ತಾಪದಲ್ಲಿ ಹಿಡಿತವನ್ನು ಕಳೆದುಕೊಳ್ಳುವುದರಿಂದ, ಅಧಿಕ ತಾಪವನ್ನು ತಾಳುವ ಪ್ಯಾಡುಗಳನ್ನು ಹಾಕಿ, ಕಾರಿನ ಮುಖದಿಂದ ಡಿಸ್ಕಿನ ಮಧ್ಯಕ್ಕೆ ಗಾಳಿಯ ಕೊಳವೆಗಳನ್ನು ಒಯ್ಯಬೇಕು. ಬ್ರೇಕ್ ಎಣ್ಣೆ ವಾಯುವಿನ ತೇವವನ್ನು ಹೀರುವ ಸ್ವಭಾವದ್ದು: ಡಾಟ್ 4 ವರ್ಗದ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಕೂಡದೆಂಬ ನಿಯಮವಿದೆ, ತೇವ ಸೇರಿದ ಎಣ್ಣೆಗೆ ಈ ಮಿತಿ 155 ಡಿಗ್ರಿ ಮಾತ್ರ. ಎಣ್ಣೆ ಕುದಿದು ಕೊಳವೆಯಲ್ಲಿ ಆವಿ ತುಂಬಿದರೆ, ಚಾಲಕನ ಪಾದ ಪೆಡಲನ್ನು ನೆಲದವರೆಗೆ ಒತ್ತಿದರೂ ಕಾರು ನಿಲ್ಲದು. ಎಣ್ಣೆಯನ್ನು ಆಗಾಗ ಬದಲಿಸುವ ಅಲ್ಪವ್ಯಯದ ಕೆಲಸ ಅತ್ಯಂತ ದುಬಾರಿಯಾದ ಅಪಘಾತವನ್ನು ತಪ್ಪಿಸಬಲ್ಲುದು.

ಎಂಜಿನ್

ಎಂ.ಜಿ.ಬಿ.ಯ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದುದು. ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ 1489 ಘನ ಸೆಂ.ಮೀ. ಎಂಜಿನ್ನೂ ಇದೇ ಶ್ರೇಣಿಯದಾದ್ದರಿಂದ, ಇದರ ಗುಣದೋಷಗಳು ನಮ್ಮ ಮೆಕ್ಯಾನಿಕ್ಕುಗಳಿಗೆ ಚಿರಪರಿಚಿತವಾದವು. ಇದರ ಸಿಲಿಂಡರ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಇರುವುದು ಎರಡೇ ಒಳದ್ವಾರಗಳು: 1 ಮತ್ತು 2ನೆಯ ಸಿಲಿಂಡರುಗಳಿಗೆ ಒಂದು, 3 ಮತ್ತು 4ನೆಯವಕ್ಕೆ ಇನ್ನೊಂದು. ಸಿಲಿಂಡರುಗಳು ಉರಿಯುವ ಕ್ರಮ 1, 3, 4, 2 ಎಂದಿರುವುದರಿಂದ, 3ರ ಬೆನ್ನಿಗೇ 4, 2ರ ಬೆನ್ನಿಗೇ 1, ಹೀಗೆ ಒಂದೇ ದ್ವಾರವನ್ನು ಹಂಚಿಕೊಂಡ ಜೊತೆಗಾರರು ಒಬ್ಬರ ಹಿಂದೊಬ್ಬರು ಉಸಿರೆಳೆದು, ಆಮೇಲೆ ಆ ದ್ವಾರ ದೀರ್ಘಕಾಲ ಸುಮ್ಮನಿರುತ್ತದೆ. ಮೊದಲಿನದು ಪೂರ್ತಿ ಎಳೆದುಕೊಳ್ಳುವ ಮುನ್ನವೇ ಎರಡನೆಯದು ಎಳೆಯತೊಡಗಿ ಅದರ ಪಾಲನ್ನು ಕಸಿದುಕೊಳ್ಳುತ್ತದೆ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ರೇಸ್ ಕ್ಯಾಮ್‌ಶಾಫ್ಟನ್ನು ಹಾಕಿದಷ್ಟೂ ಈ ಕಸಿಯುವಿಕೆ ಹೆಚ್ಚುತ್ತದೆ; ಒಂದು ಸುಧಾರಣೆ ಇನ್ನೊಂದು ದೋಷವನ್ನು ಬೆಳೆಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯಲಾರದು. ಚಾಪ್‌ಮನ್ ತನ್ನ 1951ರ ಕಾರಿನ ಆಸ್ಟಿನ್ ಎಂಜಿನ್ನಿನಲ್ಲಿದ್ದ ಇಂಥದೇ ಜಂಟಿದ್ವಾರಗಳನ್ನು ಒಳಗೆ ಗೋಡೆಯಿಟ್ಟು ವಿಭಜಿಸಿ ಎಷ್ಟು ಲಾಭ ಪಡೆದನೆಂದರೆ, ಆ ಉಪಾಯವನ್ನು 750 ಮೋಟಾರ್ ಕ್ಲಬ್ಬು ನಿಯಮದಿಂದಲೇ ನಿಷೇಧಿಸಬೇಕಾಯಿತು. ಎಂ.ಜಿ.ಬಿ.ಗೆ ಪ್ರತಿ ಸಿಲಿಂಡರಿಗೂ ಸ್ವಂತ ದ್ವಾರವುಳ್ಳ ಅಲ್ಯುಮಿನಿಯಂ ಹೆಡ್ಡುಗಳೂ ದೊರೆಯುತ್ತವೆ. ಮೂಲ ಹೆಡ್ಡಿಗೇ ನಿಯಮ ಕಟ್ಟುಹಾಕಿರುವಲ್ಲಿ ದ್ವಾರಗಳ ಒಳಮೈಯನ್ನು ಕೈಯಿಂದ ಉಜ್ಜಿ ರೂಪಿಸಿ, ಎರಡು ಎಸ್.ಯು. ಕಾರ್ಬ್ಯುರೇಟರುಗಳ ಬದಲು ವೆಬರ್ 45 ಒಂದನ್ನು ಜೋಡಿಸುವುದು ರೂಢಿ.

1964ರ ವರೆಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮೂರು ಮುಖ್ಯ ಬೇರಿಂಗುಗಳ ಮೇಲೆಯೂ, ಆಮೇಲಿನವುಗಳಲ್ಲಿ ಐದರ ಮೇಲೆಯೂ ನಿಂತಿದೆ. ಐದು ಬೇರಿಂಗುಗಳದ್ದು ಅಧಿಕ ವೇಗದಲ್ಲಿ ಬಾಗುವುದು ಕಡಿಮೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಹಗುರಗೊಳಿಸಿದ ಫ್ಲೈವೀಲ್ ಇವೆಲ್ಲವನ್ನೂ ತೂಗಿ ಸಮಗೊಳಿಸಿ, ಸಂಕೋಚನದ ಅನುಪಾತವನ್ನು ಮೂಲದ 8.8ರಿಂದ 11ರ ಆಸುಪಾಸಿಗೆ ಏರಿಸಿದಾಗ ಸುಮಾರು 130ರಿಂದ 150 ಅಶ್ವಶಕ್ತಿ ದೊರೆಯುತ್ತದೆ. ಹಾಗೆ ದೊರೆತ ಶಕ್ತಿ ಉಳಿಯಬೇಕಾದರೆ ಆಯಿಲಿನ ಕಡೆಗೆ ಗಮನ ಅಗತ್ಯ. ದೀರ್ಘವಾದ ತಿರುವಿನಲ್ಲಿ ಎಂಜಿನ್ನಿನ ತಳದ ಸಂಪಿನಲ್ಲಿರುವ ಆಯಿಲೆಲ್ಲ ಒಂದು ಮಗ್ಗುಲಿಗೆ ಏರಿ, ಪಂಪಿನ ಬಾಯಿ ಗಾಳಿಯನ್ನು ಹೀರಿದರೆ ಕೆಲವೇ ಸೆಕೆಂಡುಗಳಲ್ಲಿ ಬೇರಿಂಗುಗಳು ಹಾಳಾಗುತ್ತವೆ. ಟೈರಿನ ಹಿಡಿತ ಉತ್ತಮವಾದಷ್ಟೂ ಈ ಅಪಾಯ ಹೆಚ್ಚುವುದರಿಂದ, ಸಂಪಿನೊಳಗೆ ತಗಡಿನ ಅಡ್ಡಗೋಡೆಗಳನ್ನು ಬೆಸೆದು ಆಯಿಲನ್ನು ಪಂಪಿನ ಬಳಿಯಲ್ಲೇ ನಿಲ್ಲಿಸಬೇಕಾಗುತ್ತದೆ.

ಚಾಲಕನ ರಕ್ಷೆ

ಪಂಜರದೊಂದಿಗೆ ಕವಚದಂತಹ ಸೀಟು, ಆರು ಕಡೆ ಬಿಗಿಯುವ ಪಟ್ಟಿ, ಒಳಗೆ ನೊರೆಸ್ಪಂಜು ತುಂಬಿದ ರಬ್ಬರು ಚೀಲದ ಇಂಧನ ಟ್ಯಾಂಕು, ಬೆಂಕಿಯಾರಿಸುವ ಉಪಕರಣ, ಹೊರಗಿನಿಂದಲೂ ವಿದ್ಯುತ್ತನ್ನು ಕಡಿಯಬಲ್ಲ ಸ್ವಿಚ್ಚು ಇವು ಅವಶ್ಯಕ. ಹಠಾತ್ತನೆ ಡಿಕ್ಕಿಯಾದಾಗ ಮುಂಡ ಪಟ್ಟಿಯಲ್ಲಿ ಸಿಕ್ಕಿ ನಿಂತು, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಟ್ಟು ಕತ್ತಿನ ಬುಡದಲ್ಲಿ ಮಾರಕವಾದ ಪೆಟ್ಟಾಗುವುದನ್ನು ತಡೆಯಲು ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ರೂಪಿಸಿದ ‘ಹ್ಯಾನ್ಸ್’ ಎಂಬ ಸಾಧನ ಹೆಲ್ಮೆಟ್ಟನ್ನು ಹೆಗಲ ಮೇಲೆ ಕೂರುವ ಕೊರಳಪಟ್ಟಿಗೆ ಕಟ್ಟುತ್ತದೆ. 2003ರಲ್ಲಿ ಫಾರ್ಮ್ಯುಲ 1 ಪಂದ್ಯಗಳಲ್ಲಿ ಕಡ್ಡಾಯವಾದ ಈ ಸಾಧನ ಈಗ ಹವ್ಯಾಸಿಗಳಲ್ಲಿಯೂ ಬಳಕೆಗೆ ಬಂದಿದೆ. ಮೂಲರೂಪದ ಶುದ್ಧಿಗೆ ಎಷ್ಟೇ ಗೌರವವಿದ್ದರೂ ಪ್ರಾಣರಕ್ಷೆಯ ವಿಷಯದಲ್ಲಿ ಹಳೆಯ ಕಾಲವನ್ನು ಅನುಕರಿಸಕೂಡದು.

ನಿಯಮಗಳು

ಯಾವ ಪಂದ್ಯದಲ್ಲಿ ಭಾಗವಹಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಅದರ ನಿಯಮಾವಳಿಯನ್ನು ಓದಿದ ಅನಂತರವೇ ಸ್ಪ್ಯಾನರನ್ನು ಕೈಗೆತ್ತಿಕೊಳ್ಳಬೇಕು. ಎಫ್.ಐ.ಎ.ಯ ‘ಕೆ’ ಅನುಬಂಧ ಚಾರಿತ್ರಿಕ ಕಾರುಗಳಿಗೆ ಸಂಬಂಧಿಸಿದ್ದು. ಆಯಾ ಕಾಲದಲ್ಲಿ ಅಂಗೀಕೃತವಾಗಿದ್ದ ಭಾಗಗಳಿಗಷ್ಟೇ ಅಲ್ಲಿ ಅವಕಾಶ. ಇಂಗ್ಲೆಂಡಿನಲ್ಲಿ 1966ರಲ್ಲಿ ಮುಚ್ಚಿದ ಗುಡ್‌ವುಡ್ ಪಥದಲ್ಲಿ 1998ರಿಂದ ನಡೆಯುತ್ತಿರುವ ರಿವೈವಲ್ ಉತ್ಸವ ಆ ಪಥ ಜೀವಂತವಾಗಿದ್ದ ಕಾಲದ ಕಾರುಗಳಿಗೆ ಮೀಸಲು. ಇದಕ್ಕೆ ವ್ಯತಿರಿಕ್ತವಾಗಿ, 1930ರಲ್ಲಿ ಸ್ಥಾಪಿತವಾದ ಎಂ.ಜಿ. ಕಾರ್ ಕ್ಲಬ್ಬಿನ ಪಂದ್ಯಗಳಲ್ಲಿ ಹೆಚ್ಚು ಮಾರ್ಪಾಡಾದ ಕಾರುಗಳಿಗೂ ಪ್ರತ್ಯೇಕ ವರ್ಗಗಳಿವೆ. ಒಂದು ನಿಯಮಕ್ಕೆ ಸಲ್ಲುವ ಕಾರು ಇನ್ನೊಂದಕ್ಕೆ ಸಲ್ಲದಿರಬಹುದಾದ್ದರಿಂದ, ಈ ವಿಚಾರದಲ್ಲಿ ಅವಸರಿಸಿದವನು ಕಾರನ್ನು ಎರಡು ಬಾರಿ ಕಟ್ಟಬೇಕಾದೀತು.

ಭಾರತದಲ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದರಾಸಿನ ಸಮೀಪದ ಶೋಲಾವರಂನಲ್ಲಿ ನಿರ್ಮಿತವಾದ ವಿಮಾನದ ಹಾದಿ ಯುದ್ಧಾನಂತರ ಪಂದ್ಯಪಥವಾಯಿತು. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿನ ಪಂದ್ಯಗಳನ್ನು ನಡೆಸುತ್ತ ಬಂದಿತು. ಆಮದಿನ ನಿರ್ಬಂಧಗಳಿಂದಾಗಿ ಸ್ಪೋರ್ಟ್ಸ್ ಕಾರುಗಳು ದುರ್ಲಭವಾಗಿದ್ದ ಆ ದಿನಗಳಲ್ಲಿ ಫಿಯಟ್, ಹೆರಾಲ್ಡ್, ಅಂಬಾಸಿಡರ್ ಕಾರುಗಳೇ ಹಗುರವಾಗಿ, ತಗ್ಗಾಗಿ, ಹೊಸ ಕ್ಯಾಮ್‌ಶಾಫ್ಟುಗಳನ್ನು ತೊಟ್ಟು ಓಡಿದುವು. ಬೆಂಗಳೂರಿನ ಸ್ಪರ್ಧಿಗಳೂ ಕಾರು ಸಿದ್ಧಪಡಿಸುವ ಕುಶಲಿಗಳೂ ಈ ಪರಂಪರೆಯಲ್ಲಿ ಪಾಲುಗೊಂಡವರು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಶಾಶ್ವತವಾದ ಪಥ ಸಿದ್ಧವಾದ ಮೇಲೆ ಶೋಲಾವರಂನ ಕಾಲ ಮುಗಿಯಿತು.

ಹೊಂದಾಣಿಕೆ ಮತ್ತು ಮೌಲ್ಯ

ಜೋಡಣೆ ಮುಗಿದ ಕಾರನ್ನು ಚಾಲಕನ ತೂಕದೊಂದಿಗೆ ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿ, ಕರ್ಣರೇಖೆಯಲ್ಲಿರುವ ಎರಡೆರಡು ಚಕ್ರಗಳ ಭಾರ ಸಮವಾಗುವವರೆಗೆ ಸ್ಪ್ರಿಂಗುಗಳ ಎತ್ತರವನ್ನು ಹೊಂದಿಸುತ್ತಾರೆ. ಈ ಭಾರ ವಿಷಮವಾದರೆ ಕಾರು ಎಡಕ್ಕೆ ತಿರುಗುವಂತೆ ಬಲಕ್ಕೆ ತಿರುಗುವುದಿಲ್ಲ. ಬಳಿಕ ಪಥದಲ್ಲಿ ಓಡಿಸಿ, ಟೈರಿನ ಒಳಅಂಚು, ನಡು, ಹೊರಅಂಚುಗಳ ತಾಪವನ್ನು ಅಳೆದು ಚಕ್ರದ ವಾಲಿಕೆಯನ್ನೂ ಗಾಳಿಯ ಒತ್ತಡವನ್ನೂ ತಿದ್ದಬೇಕು. ಒಂದು ಸಲಕ್ಕೆ ಒಂದೇ ಮಾರ್ಪಾಡು, ಪ್ರತಿಯೊಂದಕ್ಕೂ ಲಿಖಿತ ದಾಖಲೆ ಎಂಬುದು ಉಲ್ಲಂಘಿಸಬಾರದ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಲಾಭನಷ್ಟಗಳಿಗೆ ಯಾವುದು ಕಾರಣವೆಂಬುದು ಎಂದಿಗೂ ತಿಳಿಯದು.

ಹಳೆಯ ಕಾರನ್ನು ಹೀಗೆ ಕತ್ತರಿಸಿ ಮಾರ್ಪಡಿಸುವುದು ಚಾರಿತ್ರಿಕ ವಸ್ತುವಿನ ನಾಶವಲ್ಲವೇ ಎಂಬ ಆಕ್ಷೇಪ ಅಸಂಗತವಾದುದಲ್ಲ. ಸುಸ್ಥಿತಿಯಲ್ಲಿರುವ ಅಪೂರ್ವ ಕಾರನ್ನು ಈ ಕೆಲಸಕ್ಕೆ ಬಳಸದಿರುವುದೂ, ತುಕ್ಕು ಹಿಡಿದು ತ್ಯಜಿಸಲ್ಪಟ್ಟುದನ್ನೇ ಆರಿಸಿಕೊಳ್ಳುವುದೂ, ತೆಗೆದ ಮೂಲಭಾಗಗಳನ್ನು ಗುರುತುಹಾಕಿ ಕಾಪಾಡುವುದೂ ವಿವೇಕಿಗಳ ಪದ್ಧತಿ. ಇಷ್ಟು ಎಚ್ಚರಿಕೆಯಿಂದ ನಡೆದಾಗ ಈ ರೂಪಾಂತರ ಗುಜರಿಗೆ ಹೋಗಬೇಕಾಗಿದ್ದ ಯಂತ್ರಕ್ಕೆ ಎರಡನೆಯ ಆಯುಸ್ಸನ್ನು ಕೊಡುವುದಲ್ಲದೆ, ಕಾರ್ಖಾನೆಗಳು ಕೈಬಿಟ್ಟ ಕೌಶಲಗಳನ್ನು ಹೊಸ ತಲೆಮಾರಿನ ಕೈಗಳಿಗೆ ದಾಟಿಸುತ್ತದೆ. ಭೌತಶಾಸ್ತ್ರದ ತತ್ತ್ವಗಳನ್ನು ಲೋಹದಲ್ಲಿ, ತಾಪದಲ್ಲಿ, ಕಾಲದ ಅಳತೆಯಲ್ಲಿ ಪ್ರತ್ಯಕ್ಷವಾಗಿ ಪರೀಕ್ಷಿಸಲು ಸಾಮಾನ್ಯ ಮನುಷ್ಯನಿಗೆ ಇಷ್ಟು ಸಮೃದ್ಧವಾದ ಅವಕಾಶವನ್ನು ಒದಗಿಸುವ ಹವ್ಯಾಸಗಳು ವಿರಳ. ಈ ಕಾರಣದಿಂದಲೇ ಇದನ್ನು ವೇಗದ ವಿನೋದವೆಂದು ಮಾತ್ರ ಎಣಿಸದೆ, ಕಲಿಕೆಯ ಒಂದು ಗಂಭೀರ ಮಾರ್ಗವೆಂದು ಪರಿಗಣಿಸುವುದು ಯುಕ್ತ.